ನಾಲ್ಕು ಗಂಟೆಯ ಮೆದೆ

"ಈ ಹುಲ್ಲಿಗೇನು ಜ್ವರ ಬಂದಿದ್ಯಾ?"

ಅತ್ತಿಗೆ ಯಾರನ್ನೂ ಉದ್ದೇಶಿಸಿ ಕೇಳಿದ್ದಲ್ಲ. ಮೈದುನನ ಕೊಟ್ಟಿಗೆಯಲ್ಲಿ ಆಗ ಇದ್ದದ್ದು ಐದು ಮೇಕೆಗಳು. ಅವೂ ಕತ್ತು ತಿರುಗಿಸಲಿಲ್ಲ. ಬಲಗೈಯನ್ನು ಮೊಣಕೈಯವರೆಗೆ ಹುಲ್ಲಿನ ಮೆದೆಯೊಳಗೆ ತೂರಿಸಿ ನಿಂತಿದ್ದಳು. ಹೊರಗೆ ಮಂಜು ಇನ್ನೂ ಬೇಲಿ ಬಿಟ್ಟು ಎದ್ದಿರಲಿಲ್ಲ, ಬಿಟ್ಟ ಉಸಿರು ಹೊಗೆಯಾಗುತ್ತಿತ್ತು. ಮೆದೆಯ ಹೊಟ್ಟೆ ಮಾತ್ರ ಒಲೆಯಿಂದ ಆಗ ತಾನೇ ಇಳಿಸಿದ ಪಾತ್ರೆಯ ಹಾಗೆ ಸುಡುತ್ತಿತ್ತು. ಕೈ ಎಳೆದುಕೊಂಡಾಗ ಬೆರಳ ತುಂಬ ಬಿಳಿ ಹುಡಿ. ಮೂಗಿಗೆ ಹಿಡಿದಳು. ಒದ್ದೆ ಬಟ್ಟೆಯನ್ನು ಪೆಟ್ಟಿಗೆಯಲ್ಲಿಟ್ಟು ಮರೆತರೆ ಬರುವ ವಾಸನೆ.

ಅವಳು ಬಂದದ್ದು ಗೊರಸು ಕತ್ತರಿಸಲು. ಚಳಿ ಕೂರುವ ಮುಂಚೆ ಮೇಕೆಗಳ ಗೊರಸು ಕತ್ತರಿಸಿ, ಹುಳದ ಔಷಧ ಕುಡಿಸಿ, ಕೊಟ್ಟಿಗೆಯ ನೆಲಕ್ಕೆ ಒಣ ಹಾಸು ಹಾಸಬೇಕು. ತನ್ನ ಎಂಟು ಮೇಕೆಗಳದ್ದು ಮುಗಿಸಿ ಮೈದುನನ ಐದರದ್ದನ್ನೂ ಅವಳೇ ಮಾಡುವುದು ಮೂರು ವರ್ಷದಿಂದ ನಡೆದು ಬಂದದ್ದು. ಮೈದುನ ಗೊರಸಿನ ವಿಷಯದಲ್ಲಿ ಒಂದೂವರೆ ಗಂಟೆ ಮಾತಾಡಬಲ್ಲ. ಕತ್ತರಿಯನ್ನು ಮಾತ್ರ ಅತ್ತಿಗೆಯ ಕೈಗೇ ಕೊಡುತ್ತಾನೆ.

ಮೂರು ವರ್ಷದ ಹಿಂದೆ ಅವನು ಪಟ್ಟಣದ ವಿಮಾ ಕಚೇರಿಯ ಕೆಲಸ ಬಿಟ್ಟು, ಅಣ್ಣನ ಜಮೀನಿಗೆ ಅಂಟಿಕೊಂಡ ತನ್ನ ಪಾಲಿನ ಎರಡು ಎಕರೆಗೆ ಬಂದ. ಬರುವಾಗ ಹೆಂಡತಿಯನ್ನು ತಂದ, ಒಂದು ಪೆಟ್ಟಿಗೆ ಬಟ್ಟೆ ತಂದ, ನಾಲ್ಕು ಪೆಟ್ಟಿಗೆ ಪುಸ್ತಕ ತಂದ. ಬೀಜ ತರಲಿಲ್ಲ, ಸಲಿಕೆ ತರಲಿಲ್ಲ. ಮೊದಲ ವಾರದಲ್ಲೇ ಮುಂದಿನ ಗೇಟಿಗೆ ಒಂದು ಹಲಗೆ ಹೊಡೆದ: 'ಈ ಗೇಟಿನೊಳಗೆ ಹೊರಗಿನದೇನೂ ಬರುವುದಿಲ್ಲ.' ಎರಡನೆಯ ವಾರದಲ್ಲಿ ಹಿಂದಿನ ಬೇಲಿ ಕಡಿದು ಅಣ್ಣನ ಮನೆಯ ಕಡೆಗೆ ಒಂದು ದಾರಿ ಮಾಡಿಕೊಂಡ. ಆ ದಾರಿಯಲ್ಲಿ ಹಾಲು ಹೋಯಿತು, ಮೊಟ್ಟೆ ಹೋಯಿತು, ಉಪ್ಪು, ಹಗ್ಗ, ಗುದ್ದಲಿ, ಬಿತ್ತನೆ ಆಲೂಗೆಡ್ಡೆ, ಚಳಿಗೆ ಹೊದೆಯುವ ಎರಡು ಕಂಬಳಿ ಎಲ್ಲ ಹೋದವು. ಹಿಂದಕ್ಕೆ ಬಂದದ್ದು ಗುದ್ದಲಿ ಒಂದೇ, ಅದೂ ಕಾವು ಮುರಿದು.

"ಹೊರಗಿನದೇನೂ ಬರಲ್ಲ ಅಂತ ಬರೆದಿದ್ದೀಯಲ್ಲಪ್ಪಾ, ಇದೆಲ್ಲ ಏನು?" ಅಂತ ಅತ್ತಿಗೆ ಒಮ್ಮೆ ಕೇಳಿದ್ದಳು.

"ಅತ್ತಿಗೆ, ಹೊರಗಿನದು ಅಂದ್ರೆ ಅಂಗಡೀದು. ನಿಮ್ಮನೇದು ಹೊರಗಿನದಾಗುತ್ತಾ? ಹಾಗಂದ್ರೆ ಅಣ್ಣ ಬೇಜಾರು ಮಾಡ್ಕೊಳಲ್ವಾ?"

ವಿಮೆ ಮಾರಿದ ನಾಲಿಗೆ. ಅವತ್ತಿನಿಂದ ಅತ್ತಿಗೆ ಅವನನ್ನು ಮನೆಯೊಳಗೆ 'ಸ್ವಾವಲಂಬಿ' ಎಂದೇ ಕರೆಯುತ್ತಿದ್ದಳು. "ಸ್ವಾವಲಂಬಿ ಬಂದ ನೋಡಿ, ಪಾತ್ರೆ ಹಿಡ್ಕೊಂಡು" ಎಂದರೆ ಗಂಡ ತಲೆ ತಗ್ಗಿಸಿಕೊಂಡು ನಗುತ್ತಿದ್ದ. ಒಡಹುಟ್ಟಿದವನು, ಬಿಟ್ಟುಕೊಡುವ ಹಾಗಿಲ್ಲ. ಹೆಂಡತಿ ಹೇಳುವುದು ಸತ್ಯ, ಅಲ್ಲಗಳೆಯುವ ಹಾಗೂ ಇಲ್ಲ.

ಇನ್ನು ಮೆದೆಯ ಕಥೆ. ಪ್ರತಿ ತಿಂಗಳ ಮೊದಲ ಭಾನುವಾರ ಮೈದುನನ ಹೊಲಕ್ಕೆ ಪಟ್ಟಣದಿಂದ ಜನ ಬರುತ್ತಾರೆ, ತಮ್ಮ ಕಾಲ ಮೇಲೆ ತಾವು ನಿಂತು ಬದುಕುವುದನ್ನು ಕಲಿಯಲು. ಹೊಸ ಟೋಪಿ, ಹೊಸ ಬೂಟು. ಮೂರು ವಾರದ ಹಿಂದಿನ ಭಾನುವಾರದ ಪಟ್ಟಿಯನ್ನು ಮೈದುನ ಅಚ್ಚು ಹಾಕಿಸಿ ಹಂಚಿದ್ದ. ಬೆಳಿಗ್ಗೆ ಏಳಕ್ಕೆ ಕುಡುಗೋಲಿನಿಂದ ಹುಲ್ಲು ಕೊಯ್ಲು. ಹನ್ನೊಂದಕ್ಕೆ ಮಣ್ಣಿನೊಂದಿಗೆ ಮೌನ. ನಾಲ್ಕು ಗಂಟೆಗೆ ಮೆದೆ ಒಟ್ಟುವುದು. ನಾಲ್ಕೂವರೆಗೆ ಫೋಟೋ.

ಅತ್ತಿಗೆ ಅವತ್ತೇ ಬೇಲಿಯಾಚೆಯಿಂದ ಹೇಳಿದ್ದಳು. "ಕೊಯ್ದ ಹುಲ್ಲಿಗೆ ಮೂರು ಬಿಸಿಲು ಬೇಕು ಕಣಪ್ಪಾ. ಹರಡ್ಬೇಕು, ಮಗುಚ್ಬೇಕು, ಇಬ್ಬನಿ ಬೀಳೋ ಮುಂಚೆ ಸಾಲು ಮಾಡ್ಬೇಕು, ಬೆಳಿಗ್ಗೆ ಮತ್ತೆ ಬಿಚ್ಚಬೇಕು. ಕಡ್ಡಿ ಮುರಿದ್ರೆ ಪಟ್ ಅನ್ನಬೇಕು. ಆಮೇಲೆ ಮೆದೆ."

"ಗೊತ್ತು ಅತ್ತಿಗೆ, ಪುಸ್ತಕದಲ್ಲೂ ಹಾಗೇ ಇದೆ. ಆದ್ರೆ ಇವರು ಮೂರು ದಿನ ಉಳಿಯೋಕಾಗುತ್ತಾ? ಸೋಮವಾರ ಎಲ್ಲರಿಗೂ ಆಫೀಸು."

ಹುಲ್ಲಿಗೂ ಸೋಮವಾರ ಆಫೀಸಿತ್ತೋ ಏನೋ, ನಾಲ್ಕು ಗಂಟೆಗೆ ಸರಿಯಾಗಿ ಹಸಿಹಸಿಯಾಗಿಯೇ ಮೆದೆಯಾಯಿತು. ಹದಿನಾಲ್ಕು ಜನ ಅದರ ಮುಂದೆ ನಿಂತು ನಕ್ಕರು. ಮರುದಿನವಾದರೂ ಬಿಚ್ಚಿ ಒಣಗಿಸು ಎಂದರೆ, "ಎಷ್ಟು ಚೆನ್ನಾಗಿ ಒಟ್ಟಿದ್ದಾರೆ ಅತ್ತಿಗೆ, ಕೆಡವೋಕೆ ಮನಸ್ಸೇ ಬರಲ್ಲ" ಎಂದ.

ಈಗ ಅದೇ ಮೈದುನ ಕೊಟ್ಟಿಗೆಯ ಬಾಗಿಲಲ್ಲಿ ಬಂದು ನಿಂತ. ಕಂಕುಳಲ್ಲಿ ಟಿಪ್ಪಣಿ ಪುಸ್ತಕ.

"ಬಿಸಿ ಇದೆ ಅಲ್ವಾ? ಅದು ಹುದುಗು ಬರೋದು ಅತ್ತಿಗೆ. ಪ್ರಕೃತಿ ತಾನೇ ಕೆಲಸ ಮಾಡ್ತಿದೆ."

"ನೀನು ಮಾಡ್ದೇ ಹೋದ್ರೆ ಇನ್ಯಾರಾದ್ರೂ ಮಾಡ್ಬೇಕಲ್ಲ." ಅವಳು ಕವೆಗೋಲು ತೆಗೆದುಕೊಂಡು ಮೆದೆಯ ಸೊಂಟಕ್ಕೆ ಹಾಕಿ ಎಳೆದಳು. ಒಳಗಿನ ಹುಲ್ಲು ಕಪ್ಪಾಗಿತ್ತು. ಹಬೆ ಎದ್ದಿತು, ಹಿಂದೆಯೇ ಬಿಳಿ ಧೂಳು. ಇಬ್ಬರಿಗೂ ಕೆಮ್ಮು ಬಂತು. "ಬೂಷ್ಟು. ಇದನ್ನ ಎಷ್ಟು ದಿನದಿಂದ ಹಾಕ್ತಿದ್ದೀಯ?"

"ನಾಲ್ಕೈದು ದಿನ. ಹಳೇದು ಮುಗೀತಲ್ಲ."

ಅತ್ತಿಗೆ ಮೇಕೆಗಳನ್ನು ನೋಡಿದಳು. ಐದರಲ್ಲಿ ನಾಲ್ಕು ಗಬ್ಬ. ಇನ್ನೊಂದೂವರೆ ತಿಂಗಳಿಗೆ ಈಯಬೇಕು. ಬಿಳಿ ಕಿವಿಯದ್ದು ಮೂಲೆಯಲ್ಲಿ ತಲೆ ಜೋತುಹಾಕಿ ನಿಂತಿತ್ತು, ಮೇವಿನ ಕಡೆ ನೋಡುತ್ತಲೂ ಇರಲಿಲ್ಲ. ದೇವರು ಪ್ರಾಣಿಗೆ ನಾಲಿಗೆ ಕೊಟ್ಟ, ಮಾತು ಕೊಡಲಿಲ್ಲ. ಸಾಕುವವನ ಕಣ್ಣನ್ನು ನಂಬಿ ಹಾಗೆ ಬಿಟ್ಟಿರಬೇಕು. ಈ ಸಾಕುವವನ ಕಣ್ಣು ಟಿಪ್ಪಣಿ ಪುಸ್ತಕದೊಳಗಿತ್ತು.

"ಗಬ್ಬದ ಮೇಕೆಗೆ ಬೂಷ್ಟು ಹುಲ್ಲು ಹಾಕಿದ್ರೆ ಹೊಟ್ಟೇಲಿರೋದು ನಿಲ್ಲಲ್ಲ. ಇವತ್ತಿಂದ ಒಂದು ಹಿಡೀನೂ ಹಾಕ್ಬೇಡ. ಎಲ್ಲ ಗೊಬ್ಬರದ ಗುಂಡಿಗೆ."

"ಎಲ್ಲಾನೂ?" ಅವನ ಮುಖ ಇಳಿಯಿತು. ಆದರೆ ಯೋಚನೆ ಮೇಕೆಯದ್ದಲ್ಲ. "ಬರೋ ಭಾನುವಾರ 'ಚಳಿಗಾಲದ ಮೇವು' ಅಂತಾನೇ ತರಗತಿ ಇಟ್ಕೊಂಡಿದ್ದೀನಿ ಅತ್ತಿಗೆ. ಇಪ್ಪತ್ತೆರಡು ಜನ. ನಿಮ್ಮ ಐದು ಮೆದೇಲಿ ಎರಡು ನಮಗಾದ್ರೆ ಸಾಕು. ಹಿಂದಿನ ದಾರೀಲಿ ಸಾಗಿಸ್ಬಿಡೋಣ, ಯಾರಿಗೂ ತೊಂದ್ರೆ ಇಲ್ಲ."

ಎರಡು ಮೆದೆ ಎಂದರೆ ಎರಡು ಕಪ್ ಚಹಾ ಎಂದ ಹಾಗೆ ಕೇಳಿದ. ಅತ್ತಿಗೆ ಕವೆಗೋಲನ್ನು ಗೋಡೆಗೆ ಒರಗಿಸಿ, "ಯೋಚನೆ ಮಾಡ್ತೀನಿ" ಎಂದಷ್ಟೇ ಹೇಳಿ ಹೊರಟಳು.

ಸಂಜೆ ಅವಳ ಗಂಡ ಹಸುವಿನ ಹಾಲು ಕರೆದು, ಕೈ ತೊಳೆದು, ಎಂದಿನಂತೆ ಕಣ್ಣು ಮುಚ್ಚಿ ತನ್ನ ದೇವರ ಪದ್ಯಗಳನ್ನು ಮೆಲ್ಲಗೆ ಹೇಳಿಕೊಂಡ. ಮುಗಿಯುವವರೆಗೂ ಅತ್ತಿಗೆ ಕಾದಳು. ದೇವರ ಸರದಿ ಆದ ಮೇಲೆ ಮೈದುನನ ಸರದಿ.

"ಕೊಟ್ಬಿಡೇ," ಎಂದ ಗಂಡ, ಎಲ್ಲ ಕೇಳಿ. "ಬಾಯಿಲ್ಲದ ಜೀವಗಳು."

"ಬಾಯಿ ಇರೋದಕ್ಕೇ ರೀ ಹುಲ್ಲು ಬೇಕಾಗಿರೋದು. ನಮ್ಮದು ಐದು ಮೆದೆ. ಹೊಸ ಹುಲ್ಲು ಚಿಗುರೋಕೆ ಐದು ತಿಂಗಳು. ಎಂಟು ಮೇಕೆ, ಒಂದು ಹಸು. ಎರಡು ಅಲ್ಲಿಗೆ ಹೋದ್ರೆ ನಾಲ್ಕನೇ ತಿಂಗಳು ಹಸುಗೆ ನಿಮ್ಮ ಪದ್ಯ ಹಾಕ್ತೀರಾ?"

"ಹಾಗಾದ್ರೆ ಅವುಗಳ ಗತಿ?"

ಅದೇ ಪ್ರಶ್ನೆ ಅವಳನ್ನು ಬೆಳಿಗ್ಗೆಯಿಂದ ಕಿತ್ತು ತಿನ್ನುತ್ತಿತ್ತು. ಮೈದುನನ ಮೇಲಿನ ಸಿಟ್ಟಿಗೆ ನಾಲ್ಕು ಗಬ್ಬದ ಮೇಕೆಗಳನ್ನು ಒಣಗಿಸುವುದು ಅವಳಿಂದಾಗದ ಮಾತು. "ಮೇಕೆಗಳು ಇಲ್ಲಿಗೇ ಬರಲಿ," ಎಂದಳು. "ನನ್ನ ಕೈಲಿದ್ರೆ ಹಿಡಿ ಲೆಕ್ಕದಲ್ಲಿ ಸಾಗಿಸ್ತೀನಿ. ಗಬ್ಬದವಕ್ಕೆ ಹುಲ್ಲು, ಉಳಿದವಕ್ಕೆ ಅಟ್ಟದ ಮೇಲಿನ ಒಣ ಸೊಪ್ಪಿನ ಕಟ್ಟು, ಗೆಡ್ಡೆ. ಅವನ ಕೈಗೆ ಮೆದೆ ಕೊಟ್ರೆ ಇಪ್ಪತ್ತೆರಡು ಜನಕ್ಕೆ ಒಂದೊಂದು ಹಿಡಿ ಕೊಟ್ಟು ಮೇಕೆಗೆ ತಿನ್ನಿಸಿ ಫೋಟೋ ತೆಗೀತಾನೆ. ಈದು ಮರಿ ಗಟ್ಟಿಯಾಗೋವರೆಗೂ ಇಲ್ಲೇ ಇರಲಿ."

ಗಂಡ ರಾತ್ರಿಯೇ ಹೋಗಿ ತಮ್ಮನನ್ನು ಒಪ್ಪಿಸಿ ಬಂದ. ಮರುದಿನ ಹಾಡಹಗಲಲ್ಲಿ ಐದೂ ಮೇಕೆಗಳನ್ನು ಒಂದೇ ಹಗ್ಗಕ್ಕೆ ಕಟ್ಟಿ ಹೊಡೆದುಕೊಂಡು ಬಂದವಳು ಓರಗಿತ್ತಿ, ಮೈದುನನ ಹೆಂಡತಿ. ತಲೆಗೆ ಕಟ್ಟಿದ ಬಟ್ಟೆ ಜಾರಿತ್ತು, ಕೆನ್ನೆ ಕೆಂಪಾಗಿತ್ತು.

"ಹಿಂದಿನ ದಾರೀಲಿ ಕರ್ಕೊಂಡು ಹೋಗು, ಯಾರೂ ನೋಡ್ಬಾರದು ಅಂದ್ರು ಅಕ್ಕಾ," ಎಂದಳು ಉಸಿರು ಬಿಡುತ್ತ. "ದೊಡ್ಡ ರಸ್ತೇಲೇ ಬಂದೆ. ಸೈಕಲ್ ರಿಪೇರಿಯವನು ಅಂಗಡಿಯಿಂದ ಹೊರಗೆ ಬಂದು ನೋಡ್ದ."

"ಏನಂದ?"

"'ಮೇಡಂ, ಇವೂ ಸ್ವಂತ ಕಾಲ ಮೇಲೆ ನಡೀತಾವಲ್ಲ' ಅಂದ."

ಇಬ್ಬರೂ ಕೊಟ್ಟಿಗೆಯ ಗೋಡೆಗೆ ಒರಗಿ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುತ್ತಲೇ ಓರಗಿತ್ತಿಯ ಕಣ್ಣಲ್ಲಿ ನೀರು ಬಂತು. "ಬಿಳಿ ಕಿವಿ ನಿನ್ನೆಯಿಂದ ಏನೂ ಮುಟ್ಟಿಲ್ಲ ಅಕ್ಕಾ. ಏನಾದ್ರೂ ಆಗುತ್ತಾ?"

"ಗೊತ್ತಿಲ್ಲ ಕಣೇ. ನಾಲ್ಕು ದಿನ ತಿಂದಿದೆ. ಒಳಗೆ ಹೋದದ್ದನ್ನ ನಾನು ತೆಗೆಯೋಕಾಗಲ್ಲ."

ಅತ್ತಿಗೆ ಅವನ್ನು ತನ್ನ ಹಿಂಡಿನೊಂದಿಗೆ ಬೆರೆಸದೆ ಬೇರೆ ಕಟ್ಟಿದಳು. ಒಣ ಹುಲ್ಲನ್ನು ಕೊಡವಿ, ಮೂಸಿ, ಹಿಡಿಹಿಡಿಯಾಗಿ ಹಾಕಿದಳು. ಬೆಚ್ಚಗಿನ ನೀರಿಗೆ ಚಿಟಿಕೆ ಉಪ್ಪು ಹಾಕಿ ಕುಡಿಸಿದಳು. ದನದ ಡಾಕ್ಟರು ಬಂದು ಸೂಜಿ ಚುಚ್ಚಿ, ಗಬ್ಬದ ನಾಲ್ಕಕ್ಕೂ ಚುಚ್ಚಿದ್ದೇನೆ, ಬಿಳಿ ಕಿವಿಯದರ ಮೇಲೆ ಮಾತ್ರ ಭರವಸೆ ಇಡಬೇಡಿ ಎಂದರು. ಗಬ್ಬದ ಉಳಿದ ಮೂರು ಮೇಕೆ ಎರಡು ದಿನದಲ್ಲಿ ಮೆಲುಕು ಹಾಕತೊಡಗಿದವು.

ಶನಿವಾರ ಬೆಳಿಗ್ಗೆ ಬಿಳಿ ಕಿವಿ ದಿನ ತುಂಬದ ಎರಡು ಮರಿ ಹಾಕಿತು. ಗೇಣುದ್ದದವು, ಕೂದಲೂ ಮೂಡಿರಲಿಲ್ಲ, ಗೊರಸು ಮಾತ್ರ ಅಚ್ಚುಕಟ್ಟಾಗಿ ಆಗಿತ್ತು. ತಾಯಿ ಅವನ್ನು ನೆಕ್ಕಿ ನೆಕ್ಕಿ ಮೆಲ್ಲಗೆ ಕರೆಯುತ್ತಿತ್ತು. ಅತ್ತಿಗೆ ಹೊಲದ ತುದಿಯಲ್ಲಿ ಆಳವಾಗಿ ಅಗೆದು, ಸುಣ್ಣ ಹಾಕಿ ಮುಚ್ಚಿದಳು. ಹಾಸು ಸುಟ್ಟಳು, ಕೈಯನ್ನು ಮೊಣಕೈವರೆಗೆ ಸೋಪಿನಲ್ಲಿ ಮೂರು ಸಲ ತೊಳೆದಳು. ಓರಗಿತ್ತಿ ಪಕ್ಕದಲ್ಲೇ ನಿಂತು ನೀರು ಹೊಯ್ದಳು.

ಭಾನುವಾರ ಹತ್ತು ಗಂಟೆಯ ಹೊತ್ತಿಗೆ ಪಕ್ಕದ ಹೊಲದಲ್ಲಿ ಕಾರುಗಳ ಬಾಗಿಲು ಹಾಕುವ ಸದ್ದು. ಸ್ವಲ್ಪ ಹೊತ್ತಿಗೆ ಮೈದುನ ಹಿಂದಿನ ದಾರಿಯಲ್ಲಿ ನುಸುಳಿ ಬಂದ. ಇಸ್ತ್ರಿ ಮಾಡಿದ ಅಂಗಿ, ಅದರ ಮೇಲೆ ಬೇಕೆಂದೇ ಒರಸಿಕೊಂಡ ಹಾಗೆ ಒಂದಿಷ್ಟು ಮಣ್ಣು.

"ಅತ್ತಿಗೆ, ಎರಡೇ ಗಂಟೆ. ಮೇಕೆಗಳನ್ನ ಒಮ್ಮೆ ಆ ಕಡೆ ಕಟ್ತೀನಿ. ಖಾಲಿ ಕೊಟ್ಟಿಗೆ ತೋರಿಸಿ ಚಳಿಗಾಲದ ಮೇವು ಅಂತ ಏನು ಹೇಳ್ಲಿ?"

"ನಡೆದದ್ದು ಹೇಳು."

"ತಮಾಷೆ ಬೇಡ ಅತ್ತಿಗೆ. ನೂರು ಕಿಲೋಮೀಟರ್ ದೂರದಿಂದ ಬಂದಿದ್ದಾರೆ."

"ನಿನ್ನೆ ಬಿಳಿ ಕಿವಿ ಕಂದು ಹಾಕ್ತು. ಎರಡು. ನಿನ್ನ ಹೆಂಡ್ತಿ ಹೇಳ್ಲಿಲ್ವಾ?"

"ಹೇಳಿದ್ಲು, ಹೇಳಿದ್ಲು. ಪಾಪ." ಅಷ್ಟು ಹೇಳಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಅವನ ಮುಖ ಸಪ್ಪಗಾಯಿತು. "ಅದು ಇಲ್ಲೇ ಇರಲಿ ಬಿಡಿ, ಹೇಗೂ ಸೊರಗಿದೆ, ನೋಡೋಕೆ ಚೆನ್ನಾಗಿರಲ್ಲ. ಉಳಿದ ಮೂರು ಗಬ್ಬದವು ಹೊಟ್ಟೆ ತುಂಬ್ಕೊಂಡು ಲಕ್ಷಣವಾಗಿವೆ, ಅವು ಸಾಕು. ಹಾಗೇ ನಿಮ್ಮ ಮೆದೆಯಿಂದ ನಾಲ್ಕು ಹೊರೆ. ಜನ ಕೈಲಿ ಹಿಡ್ಕೊಂಡು ನೋಡ್ತಾರೆ, ಸಂಜೆ ಒಂದು ಕಡ್ಡಿ ಬಿಡದೆ ವಾಪಸ್ ತಂದು ಹಾಕ್ತೀನಿ."

ಕೊಟ್ಟಿಗೆಯ ಬಾಗಿಲಲ್ಲಿ ಗಂಡ ಹಾಲಿನ ಪಾತ್ರೆ ಹಿಡಿದು ನಿಂತಿದ್ದ. ಒಮ್ಮೆ ತಮ್ಮನನ್ನು ನೋಡಿದ, ಒಮ್ಮೆ ಹೆಂಡತಿಯನ್ನು.

ಬೇಲಿಯಾಚೆ ಯಾರೋ "ಸರ್, ಮೇಕೆಗಳೆಲ್ಲಿ?" ಎಂದು ಕೂಗಿದರು. ಮೈದುನ "ಬಂದೆ, ಬಂದೆ!" ಎಂದು ಅತ್ತ ಕೂಗಿ, ಇತ್ತ ತಿರುಗಿ ಗೂಟಕ್ಕೆ ಕಟ್ಟಿದ್ದ ಹಗ್ಗದ ಕಡೆ ಕೈ ಚಾಚಿದ.

ಅತ್ತಿಗೆ ಗೂಟದ ಮುಂದೆ ಬಂದು ನಿಂತಳು.

"ಕೈ ತೆಗಿ. ಒಂದು ಮೇಕೆನೂ ಬರಲ್ಲ, ಒಂದು ಕಡ್ಡಿ ಹುಲ್ಲೂ ಬರಲ್ಲ. ಕೊಡಲ್ಲ."