ಎಣ್ಣೆ ಶಾಸ್ತ್ರ

ಹಟ ಹಿಡಿಯಲು ನನ್ನ ಅತ್ತೆ ಕರಿಯಕ್ಕನಿಗೆ ಮೊಮ್ಮಗಳ ಮದುವೆಯೇ ಬೇಕಿತ್ತೇ? ಕೊಟ್ಟೂರಿನ ನಮ್ಮ ಮನೆ ಮುಂದೆ ಹಂದರ ಹಾಕಿ ಆಗಿತ್ತು. ಮರುದಿನ ಮಾಗಳದಿಂದ ಗಂಡಿನ ಕಡೆಯವರು ಬರುವವರು. ಇವರು ಮಾತ್ರ ಕೆದರಿದ ತಲೆಯಲ್ಲಿ ಮೂಲೆ ಹಿಡಿದು ಪ್ರಾರ್ಥನೆಗೆ ಕೂತಿದ್ದರು. ಹೋದ ವರ್ಷ ಮಗ ಹಂಪೇಶ್, ಅಂದರೆ ನನ್ನ ಯಜಮಾನರು, ತೀರಿಕೊಂಡಾಗಿನಿಂದ ಒಪ್ಪತ್ತು ಊಟ, ತಲೆಗೆ ಎಣ್ಣೆಯಿಲ್ಲ. ಅವರಿಗೆ ಮಗ ಹೋದರೆ ನನಗೆ ಗಂಡ ಹೋಗಲಿಲ್ಲವೇ? ದುಃಖವನ್ನು ಅವರೊಬ್ಬರೇ ಗುತ್ತಿಗೆ ಹಿಡಿದಂತೆ ಕೂತರೆ ಒಲೆ ಹಚ್ಚುವವರು ಯಾರು?

ಯೇಸುಸ್ವಾಮಿಯನ್ನು ನಂಬಿ ಎರಡು ತಲೆಮಾರಾದರೂ ನಮ್ಮಲ್ಲಿ ಹಳೆಯ ಶಾಸ್ತ್ರವೊಂದು ಉಳಿದಿದೆ. ಮದುವೆಯ ಹಿಂದಿನ ದಿನ ಮನೆಯ ಹಿರಿಯ ಹೆಂಗಸು ಮೊದಲು ತನ್ನ ತಲೆಗೆ ಎಣ್ಣೆ ಹಚ್ಚಿಕೊಂಡು, ಆಮೇಲೆ ಮದುಮಗಳಿಗೆ ಹಚ್ಚಬೇಕು. ಸಾವಾದ ಮನೆಯಲ್ಲಿ ಹೀಗೆ ಎಣ್ಣೆ ಬಿದ್ದರೆ ಅಳುವುದು ಮುಗಿಯಿತೆಂದು ಅರ್ಥ. ಅತ್ತೆಗೆ ಬೇಡವಾಗಿದ್ದದ್ದು ಅದೇ. ನನ್ನ ಮಗಳು ಅರ್ಚನಾಳೋ, ಅಜ್ಜಿ ಹಚ್ಚದಿದ್ದರೆ ಹಸೆಗೇ ಕೂರುವುದಿಲ್ಲ ಎಂದಳು. ಅಜ್ಜಿಗೆ ತಕ್ಕ ಮೊಮ್ಮಗಳು!

“ಅಜ್ಜೀ, ಮದಲಿಂಗ ಜೊತಿಗಿದ್ದಾಗ ಯಾರೂ ಉಪವಾಸ ಇರಂಗಿಲ್ಲಂತ ಯೇಸುಸ್ವಾಮೀನ ಹೇಳ್ಯಾನ.”

“ಆ ಮದಲಿಂಗ ಬ್ಯಾರೆ, ನಿನ್ನ ಮಾಗಳದ ಹುಡುಗ ಬ್ಯಾರೆ. ನಾ ಎಣ್ಣಿ ಮುಟ್ಟಂಗಿಲ್ಲ.”

“ಉಪವಾಸ ಇದ್ದೋರು ಎಣ್ಣಿ ಹಚ್ಚಿಗ್ಯಬೇಕಂತ ಶಾಸ್ತ್ರದಾಗ ಐತಿ.”

“ಮದುವಿ ಶಾಸ್ತ್ರ ಗೀಸ್ತ್ರ ನನ್ನ ಮುಂದ ತರಬ್ಯಾಡ.”

“ಮದುವಿ ಶಾಸ್ತ್ರ ಅಲ್ಲಬೇ, ಯೇಸುಸ್ವಾಮಿ ಶಾಸ್ತ್ರ! ಮಾರಿ ತೊಳಕಂಡು, ಎಣ್ಣಿ ಹಚ್ಚಿಗ್ಯಂಡು ಉಪವಾಸ ಇರ್ರಿ, ಜನಕ್ಕ ತೋರಸಬ್ಯಾಡ್ರಿ, ದೇವರು ನೋಡ್ತಾನ ಅಂದಾನ. ನೀನ ಬಾಯಿಪಾಠ ಮಾಡ್ಸಿದ್ದು.”

ಅತ್ತೆ ಸಣ್ಣ ದನಿಯಲ್ಲಿ, “ಎಣ್ಣಿ ಹಚ್ಚಿದ್ರ ಹಂಪೇಶ ಹೋದ ಅಂತ ನಾನೂ ಒಪ್ಪಿಕಂಡಂಗ ಆಕ್ಕೈತಲ್ಲಬೇ ಯವ್ವಾ,” ಎಂದರು. ನನ್ನ ಸಿಟ್ಟೆಲ್ಲ ಇಳಿದುಹೋಯಿತು.

“ಅಳಾದು ಬಿಡಬ್ಯಾಡ, ಅಜ್ಜಿ. ಎಣ್ಣಿ ಹಚ್ಚಿಗ್ಯಂಡು ಅಳು,” ಎಂದಳು ಅರ್ಚನಾ.

ಅತ್ತೆ ಎದ್ದು ಮುಖ ತೊಳೆದರು. ಎಣ್ಣೆಯ ಬಟ್ಟಲಲ್ಲಿ ಬೆರಳು ಅದ್ದಿ ತಮ್ಮ ನೆತ್ತಿಗೆ ತಟ್ಟಿಕೊಂಡರು, ಮೊಮ್ಮಗಳಿಗೂ ಹಚ್ಚಿದರು. ಶಾಸ್ತ್ರಕ್ಕೆ ಬಂದಿದ್ದ ಹೆಂಗಸರು ಹಾಡು ಎತ್ತಿದರು. ಸದ್ಯ ಮುಗಿಯಿತಪ್ಪ ಎಂದು ನಾನು ಬಟ್ಟಲು ಎತ್ತಿಡಲು ಬಗ್ಗಿದಾಗ ತಲೆಯ ಮೇಲಿನ ಸೆರಗು ಜಾರಿತು. ಅತ್ತೆ ನನ್ನ ಕೈ ಹಿಡಿದೆಳೆದು ಕೂರಿಸಿದರು.

“ಲೇ ದುರ್ಗಿ, ನಿನ್ನ ತಲೀನೂ ಒಣಗೈತಲ್ಲೇ!”

ಹೌದು. ಯಜಮಾನರು ಹೋದಾಗಿನಿಂದ ನಾನೂ ಹಚ್ಚಿಕೊಂಡಿರಲಿಲ್ಲ. ಪುರಸೊತ್ತಿಲ್ಲ ಅಂದುಕೊಂಡಿದ್ದೆ. ಅತ್ತೆಯ ಅಂಗೈ ನೆತ್ತಿ ಮುಟ್ಟಿದ್ದೇ ತಡ, ಹಾಡುವ ಹೆಂಗಸರ ನಡುವೆ ಗೊಳೋ ಎಂದು ಅತ್ತುಬಿಟ್ಟೆ.