ಚೌಡಮ್ಮನ ಪಟದ ಕೆಳಗಿನ ಎರಡು ಸಾಲು

ತಮಿಳುನಾಡಿನ ಸೋಮನೂರಿನ ವೆಲ್ಲಿಂಗಿರಿಗೆ ಗೊತ್ತಿಲ್ಲದ ರಾಜಧಾನಿ ಭೂಮಿಯ ಮೇಲೆ ಇರಲಿಲ್ಲ. ಬುರ್ಕಿನಾ ಫಾಸೊ ಅಂದರೆ ಸಾಕು, ವಾಗಡೂಗು ಅನ್ನುತ್ತಿದ್ದ. ಅದೂ ಇಡೀ ಬೀದಿಗೆ ಕೇಳುವ ಹಾಗೆ. ಮಗ್ಗದ ಶೆಡ್ಡಿನಲ್ಲಿ ಬೆಳೆದ ಗಂಟಲು ಅದು. ಸುತ್ತ ಪವರ್‌ಲೂಮುಗಳು ಖಟಖಟ ಬಡಿಯುವಾಗ ಮಾತಾಡಿ ರೂಢಿಯಾಗಿ, ಮನೆಯಲ್ಲಿ ಅವನು ಉಪ್ಪು ಕೇಳಿದರೂ ಜಗಳ ಶುರುವಾಯಿತೇನೋ ಅಂತ ಪಕ್ಕದವರು ಎದ್ದು ಬರುತ್ತಿದ್ದರು.

ಇಂಥವನು ಭಾನುವಾರ ಮಧ್ಯಾಹ್ನ ತಮಿಳು ಟೀವಿಯ ಕ್ವಿಜ್ ಕಾರ್ಯಕ್ರಮದ ಮುಂದೆ ಕೂತರೆ ಕೇಳಬೇಕೆ? ಕಣ್ಣೆದುರಿನ ವಿಷಯ ಗೊತ್ತಿಲ್ಲದೆ ತಡವರಿಸುವವರನ್ನು ಕಂಡರೆ ಅವನಿಗೆ ಮೈ ಉರಿಯುತ್ತಿತ್ತು. ಕಾಲೇಜಿನಲ್ಲಿ ಪಾಠ ಹೇಳುವ ಹೆಂಗಸೊಬ್ಬಳು ಜೇಡಕ್ಕೆ ಆರು ಕಾಲು ಅಂದಾಗ ಊಟದ ತಟ್ಟೆ ಬಿಟ್ಟು ಎದ್ದಿದ್ದ. ಪೊಳ್ಳಾಚಿಯ ತೆಂಗಿನ ತೋಟದ ಯಜಮಾನನೊಬ್ಬ, ತೆಂಗಿನಕಾಯಿಗೆ ಎಷ್ಟು ಕಣ್ಣು ಎಂಬ ಪ್ರಶ್ನೆಗೆ ಬೆವರು ಒರೆಸಿಕೊಂಡು, ಯೋಚಿಸಿ, ‘ಎರಡು’ ಅಂದಾಗಲಂತೂ ಮುಗಿದೇ ಹೋಯಿತು.

“ತೆಂಗಿನಕಾಯಿ ಮಾರಿ ಕಾರು ತಗೊಂಡವ್ನೆ, ಅದ್ರ ಮುಖ ನೋಡಿಲ್ಲ. ಇಂಥವ್ರನ್ನ ಟೀವಿಗೆ ಬಿಡೋದು ಯಾರು?” ಅಂತ ಆ ವಾರವೆಲ್ಲ ಟೀ ಅಂಗಡಿಯಲ್ಲಿ ಅದೇ ಮಾತು. ಕೇಳಿದವರಿಗೂ ಹೇಳಿದ, ಕೇಳದವರಿಗೂ ಹೇಳಿದ.

“ಅಷ್ಟಿದ್ರೆ ನೀವೇ ಹೋಗ್ಬೋದಲ್ಲುಂಗ” ಅಂದಳು ಹೆಂಡತಿ ಕಲಾ, ಆ ಕಡೆಯ ಮರ್ಯಾದೆಯ ‘ಉಂಗ’ ಸೇರಿಸಿ, ಅವನ ಬಾಯಿ ಮುಚ್ಚಿಸಲು.

ಪುಣ್ಯಾತ್ಮ ಹೋಗಿಯೇಬಿಟ್ಟ. ಫೋನಿನಲ್ಲಿ ಕೇಳಿದ ಪ್ರಶ್ನೆಗಳಿಗೆಲ್ಲ ಕಿರುಚಿ ಉತ್ತರ ಹೇಳಿ ಆಯ್ಕೆಯಾದ, ಹೊಸ ಪಂಚೆ ಉಟ್ಟು ಚೆನ್ನೈಗೆ ರೈಲು ಹತ್ತಿದ. ತಿರುಗಿ ಬಂದಾಗ ಮಾತ್ರ ಆ ಗಂಟಲಲ್ಲಿ ಸದ್ದೇ ಇರಲಿಲ್ಲ. “ಟೀವೀಲಿ ಬರೋವರೆಗೂ ಬಾಯಿ ಬಿಡ್ಬಾರ್ದು ಅಂತ ಸೈನ್ ಹಾಕಿಸ್ಕೊಂಡವ್ರೆ” ಅಂದವನೇ ಗೋಡೆಯ ಕಡೆ ತಿರುಗಿ ಮಲಗಿದ. ಕಲಾ ಇದನ್ನು ಗೆದ್ದವರ ಗಾಂಭೀರ್ಯ ಅಂದುಕೊಂಡಳು. ಬೀದಿಗೆಲ್ಲ ಹೇಳಿಯೂ ಬಂದಳು.

ಸಾಲದ್ದಕ್ಕೆ ಇನ್ನೊಂದು ಕೆಲಸ ಮಾಡಿದಳು. ಕಾರ್ಯಕ್ರಮ ಬರುವ ಭಾನುವಾರವೇ ಮಗಳನ್ನು ನೋಡಲು ಬನ್ನಿ ಅಂತ ಹುಡುಗನ ತಾಯಿ ದಾಕ್ಷಾಯಣಮ್ಮನಿಗೆ ಫೋನು ಮಾಡಿ ಕರೆದಳು.

ಮಗಳು ಧರಣಿ ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಕೆಲಸದಲ್ಲಿದ್ದಳು. ಅಲ್ಲೇ ಪಕ್ಕದ ಮೇಜಿನ ಗೋಪಿನಾಥನನ್ನು ಮೆಚ್ಚಿದ್ದಳು. ಹುಡುಗ ಒಳ್ಳೆಯವನು, ಇವರಂತೆಯೇ ಕನ್ನಡ ಮಾತಾಡುವ ನೇಕಾರರ ಮನೆಯವನೇ. ತೊಡಕು ಅಂದರೆ ಅವನ ತಾಯಿ ದಾಕ್ಷಾಯಣಮ್ಮ. ಗೋಪಿನಾಥ ಕೈಗೂಸಾಗಿದ್ದಾಗ ದೊಡ್ಡಬಳ್ಳಾಪುರದಿಂದ ತಿರುಪ್ಪೂರಿಗೆ ಬಂದು ನೆಲೆಸಿದವರು. ಆಯಮ್ಮನಿಗೆ ಇದ್ದದ್ದು ಒಂದೇ ಹಟ, ಸೊಸೆ ಕನ್ನಡದ ಮನೆಯಿಂದಲೇ ಬರಬೇಕು. ತಲೆತಲಾಂತರದಿಂದ ತಮಿಳುನಾಡಿನಲ್ಲೇ ಇರುವವರ ಕನ್ನಡದ ಮೇಲೆ ಆಕೆಗೆ ಭಾರೀ ಅನುಮಾನ.

ಆ ಅನುಮಾನಕ್ಕೆ ವೆಲ್ಲಿಂಗಿರಿ ಫೋನಿನಲ್ಲೇ ಎದೆ ತಟ್ಟಿಕೊಂಡು ಉತ್ತರ ಕೊಟ್ಟಿದ್ದ. “ನಮ್ಮನೇಲಿ ನಾಯಿ ಕೂಡ ಕನ್ನಡದಲ್ಲೇ ಬೊಗಳ್ತದಮ್ಮಾ.”

“ಬಂದು ನೋಡ್ತೀನಿ ವೆಲ್ಲಿಂಗಿರಿಯವರೇ, ಆಮೇಲೆ ಹೇಳ್ತೀನಿ” ಅಂದಿದ್ದರು ಆಯಮ್ಮ. ಇಲ್ಲಿಯವರು ಸಂಬಂದಿ ಅನ್ನುವುದಕ್ಕೆ ಅವರ ಕಡೆ ಬೀಗರು ಅನ್ನುತ್ತಾರೆ ಅಂತ ಧರಣಿ ಅಪ್ಪನಿಗೆ ಹೇಳಿಕೊಟ್ಟಿದ್ದಳು. ಆ ಒಂದು ಮಾತು ಆಯಮ್ಮನ ಬಾಯಿಂದ ಬಿದ್ದರೆ ಮದುವೆ ಗಟ್ಟಿ. ಅಪ್ಪ ಮಗಳು ಇಬ್ಬರೂ ಅದಕ್ಕಾಗಿ ಕಿವಿ ನೆಟ್ಟಗೆ ಮಾಡಿಕೊಂಡು ಕಾಯುತ್ತಿದ್ದರು.

ಈಗ ಚೆನ್ನೈಯಲ್ಲಿ ಆದದ್ದೇನು, ಅದನ್ನು ಹೇಳಿಬಿಡಬೇಕು.

ವೆಲ್ಲಿಂಗಿರಿಯ ದೇವರ ಗೂಡಿನಲ್ಲಿ ಮನೆದೇವರು ಚೌಡಮ್ಮನ ಪಟ ಒಂದಿತ್ತು. ಅವನ ತಾತ ಯಾವ ಕಾಲದಲ್ಲೋ ಮೈಸೂರು ಸೀಮೆಗೆ ನೂಲು ತರಲು ಹೋದವನು ತಂದು ಕಟ್ಟು ಹಾಕಿಸಿದ್ದು. ದೇವಿಯ ಪಾದದ ಕೆಳಗೆ ದುಂಡು ದುಂಡಾದ ಅಕ್ಷರಗಳಲ್ಲಿ ಎರಡು ಸಾಲು. ಅದು ಮಂತ್ರ ಅಂತ ಅವನ ತಾಯಿ ಕಮಲಾತಾಳ್ ಸಾಯುವವರೆಗೂ ಹೇಳುತ್ತಿದ್ದಳು. ದಿನಾ ಆ ಸಾಲುಗಳಿಗೆ ಕುಂಕುಮ ಬೀಳಬೇಕು. ಪರೀಕ್ಷೆಗೆ ಹೊರಟ ಮಕ್ಕಳು ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು. ವೆಲ್ಲಿಂಗಿರಿ ಒತ್ತಿಕೊಂಡು ಹತ್ತನೇ ಕ್ಲಾಸು ದಾಟಿದ್ದ, ಧರಣಿ ಒತ್ತಿಕೊಂಡು ಕೆಲಸ ಗಿಟ್ಟಿಸಿದ್ದಳು. ಅದನ್ನು ಓದಲು ಮನೆಯಲ್ಲಿ ಯಾರಿಗೂ ಬರುತ್ತಿರಲಿಲ್ಲ. ಓದಿದ್ದೆಲ್ಲ ತಮಿಳು. ಕನ್ನಡ ಬಾಯಲ್ಲಿ ಇರುವ ಸಾಮಾನು. ಅದಕ್ಕೆ ಅಕ್ಷರವೂ ಇರುತ್ತದೆ ಅಂತ ಯೋಚಿಸುವ ಸಂದರ್ಭವೇ ಅವರಿಗೆ ಬಂದಿರಲಿಲ್ಲ.

ಕ್ವಿಜ್ಜಿನಲ್ಲಿ ಮೊದಮೊದಲು ಎಲ್ಲ ಚೆನ್ನಾಗಿಯೇ ನಡೆಯಿತು. ವೆಲ್ಲಿಂಗಿರಿ ಮೈಕಿನ ಹಂಗಿಲ್ಲದೆ ಉತ್ತರ ಹೇಳುತ್ತಿದ್ದ. ನಡೆಸಿಕೊಡುವವರು ಮನೆಮಾತೇನು ಅಂತ ಕೇಳಿದರು. ಇವನು ಎದೆ ಉಬ್ಬಿಸಿ ಕನ್ನಡ ಅಂದ. ಅವರಿಗೆ ನಗು ಬಂತು. ಹಾಗಾದರೆ ಮುಂದಿನ ಪ್ರಶ್ನೆ ನಿಮಗೆ ಬಾಳೆಹಣ್ಣು ಸುಲಿದ ಹಾಗೆ ಅಂದರು. ಪರದೆಯ ಮೇಲೆ ಒಂದಿಷ್ಟು ಅಕ್ಷರ ಮೂಡಿತು. ಇದು ಯಾವ ಭಾಷೆಯ ಬರಹ? ತೆಲುಗು, ಕನ್ನಡ, ಸಂಸ್ಕೃತ, ಸಿಂಹಳ.

ನೋಡಿದ ಕೂಡಲೇ ಅವನಿಗೆ ಗುರುತು ಸಿಕ್ಕಿತು. ಅವೇ ದುಂಡು ಅಕ್ಷರ. ದೇವರ ಗೂಡಿನವು. ಮಂತ್ರದವು. ಮಂತ್ರ ಅಂದಮೇಲೆ ಇನ್ನೇನು?

“ಸಂಸ್ಕೃತ” ಅಂತ ಕೂಗಿದ.

ನಡೆಸಿಕೊಡುವವರು ಪಾಪ, ಅವನನ್ನು ಉಳಿಸಲು ನೋಡಿದರು. ಇನ್ನೊಂದು ಸಲ ಯೋಚಿಸಿ ಅಂದರು. ಯಾರಿಗಾದರೂ ಫೋನು ಮಾಡಬಹುದು ಅಂದರು. “ಬೇಡ. ಇದಕ್ಕೆ ನಾವು ಮನೇಲಿ ದಿನಾ ಕುಂಕುಮ ಇಡ್ತೀವಿ” ಅಂದ ವೆಲ್ಲಿಂಗಿರಿ. ಅಲ್ಲಿಗೆ ಅವನ ಕಥೆ ಮುಗಿಯಿತು.

ಊರಿಗೆ ಬಂದಮೇಲೆ ಪಟದ ಮುಂದೆ ಹಾಯುವಾಗಲೆಲ್ಲ ಮುಖ ತಿರುಗಿಸುತ್ತಿದ್ದ. ಅದು ಕನ್ನಡ ಅನ್ನುವುದು ಗೊತ್ತಾಗಿತ್ತು. ಏನು ಬರೆದಿದೆ ಅಂತ ಯಾರನ್ನಾದರೂ ಕೇಳಬಹುದಿತ್ತು. ಕೇಳಲಿಲ್ಲ. ಆದ ಅವಮಾನ ಒಂದು ಸಾಕು ಅನ್ನಿಸಿತ್ತು.

ಭಾನುವಾರ ಬಂದೇ ಬಂತು. ದಾಕ್ಷಾಯಣಮ್ಮನ ಕಾರು ಬೀದಿಯ ತಿರುವಿನಲ್ಲಿ ಕಾಣಿಸಿದ್ದೇ ತಡ, ವೆಲ್ಲಿಂಗಿರಿ ಮೀಟರ್ ಪೆಟ್ಟಿಗೆಯ ಫ್ಯೂಸ್ ಕಿತ್ತು ಪಂಚೆಯ ಸೊಂಟಕ್ಕೆ ಸಿಕ್ಕಿಸಿಕೊಂಡ. ಒಳಗೆ ಫ್ಯಾನು ನಿಂತಿತು.

“ಅಯ್ಯೋ, ಕರೆಂಟು ಹೋಯ್ತು ಕಂದಾ” ಅಂದ ಮಗಳಿಗೆ, ಆದಷ್ಟು ದುಃಖದಿಂದ.

ಸೋಮನೂರಿನವನು ಆಡಬಾರದ ಸುಳ್ಳು ಅದೊಂದೇ. ಅಲ್ಲಿ ಕರೆಂಟು ಹೋದರೆ ಯಾರೂ ಬಾಯಿಬಿಟ್ಟು ಹೇಳಬೇಕಿಲ್ಲ, ಮಗ್ಗಗಳೆಲ್ಲ ನಿಂತು ಊರಿಗೆ ಊರೇ ಗಪ್‌ಚಿಪ್ ಆಗುತ್ತದೆ. ಪಕ್ಕದ ಮುತ್ತುಸಾಮಿಗೆ ಅವಸರದ ಆರ್ಡರು ಇತ್ತು. ಗೋಡೆಯಾಚೆ ಅವನ ಮಗ್ಗಗಳು ಖಟಖಟ ಖಟಖಟ ಅಂತ ಬಡಿಯುತ್ತಲೇ ಇದ್ದವು. ಧರಣಿ ಗೋಡೆಯ ಕಡೆ ನೋಡಿದಳು, ಅಪ್ಪನ ಕಡೆ ನೋಡಿದಳು.

ಅಷ್ಟರಲ್ಲಿ ದಾಕ್ಷಾಯಣಮ್ಮ ಮಗನ ಜೊತೆ ಹೊಸ್ತಿಲು ದಾಟಿದರು. “ಬನ್ನಿಂಗ, ಬನ್ನಿಂಗ” ಅಂತ ವೆಲ್ಲಿಂಗಿರಿ ಸೊಂಟ ಬಗ್ಗಿಸಿ ಕೈ ಮುಗಿದ. ಫ್ಯೂಸ್ ಠಣ್ ಅಂತ ನೆಲಕ್ಕೆ ಬಿದ್ದು, ಉರುಳಿಕೊಂಡು ಹೋಗಿ ಆಯಮ್ಮನ ಕಾಲ ಬಳಿ ನಿಂತಿತು.

“ಇದೇನು?” ಅಂದರು ದಾಕ್ಷಾಯಣಮ್ಮ.

“ಫ್ಯೂಸುಂಗ” ಅಂದ. ಬೇರೆ ಏನು ಹೇಳುವುದು?

ಕಲಾ ಗಂಡನನ್ನು ಸುಟ್ಟುಬಿಡುವ ಹಾಗೆ ನೋಡಿ, ಫ್ಯೂಸ್ ಎತ್ತಿಕೊಂಡು ಹೋಗಿ ತಾನೇ ಹಾಕಿ ಬಂದಳು. ಫ್ಯಾನು ತಿರುಗಿತು. ಟೀವಿ ಕಣ್ಣು ಬಿಟ್ಟಿತು. ಸೋಫಾದ ನಡುವೆ ದಾಕ್ಷಾಯಣಮ್ಮ, ಪಕ್ಕದಲ್ಲಿ ಗೋಪಿನಾಥ, ಬಾಗಿಲಲ್ಲಿ ಬೀದಿಯ ಅರ್ಧ ಜನ. ವೆಲ್ಲಿಂಗಿರಿ ಓಡಿಹೋಗಲು ದಾರಿ ಇರಲಿಲ್ಲ.

ಟೀವಿಯ ವೆಲ್ಲಿಂಗಿರಿ ಕನ್ನಡ ಅಂತ ಎದೆ ಉಬ್ಬಿಸಿದಾಗ ದಾಕ್ಷಾಯಣಮ್ಮ ಮೆಚ್ಚಿ ತಲೆದೂಗಿದರು. ಅಕ್ಷರಗಳು ಮೂಡಿದಾಗ ಅವರ ಮುಖ ಅರಳಿತು.

“ಸದ್ಯ, ನಮ್ಮದೇ ಬಂತು. ಇದನ್ನ ಯಾರು ತಾನೆ ತಪ್ಪು ಹೇಳ್ತಾರೆ” ಅಂದರು.

“ಸಂಸ್ಕೃತ” ಅಂತ ಟೀವಿ ಕೂಗಿತು. ಆಮೇಲೆ ಕುಂಕುಮದ ಮಾತೂ ಬಂತು. ಬಾಗಿಲ ಬಳಿ ಯಾರೋ ಕಿಸಕ್ಕೆಂದರು. ಸರಿಯುತ್ತರ ಪರದೆಯ ಮೇಲೆ ಮೂಡಿದಾಗ ಕಲಾ ಎದ್ದು ಟೀವಿ ಆರಿಸಿದಳು. ವೆಲ್ಲಿಂಗಿರಿಗೆ ತನ್ನ ಮಾನದ ಚಿಂತೆ ಇರಲಿಲ್ಲ, ಅದು ಚೆನ್ನೈಯಲ್ಲೇ ಹೋಗಿತ್ತು. ಧರಣಿಯ ಮುಖ ನೋಡಿದ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ನೆಲ ನೋಡುತ್ತಿದ್ದಳು. ತನ್ನ ಬಾಯಿಬಡುಕತನಕ್ಕೆ ಮಗಳು ದಂಡ ತೆರಬೇಕಾಯಿತಲ್ಲ ಅಂತ ಅವನಿಗೆ ಅಳುವೇ ಬಂತು.

“ಎಲ್ಲಿದೆ ಆ ಕುಂಕುಮದ ಅಕ್ಷರ?” ಅಂತ ಕೇಳಿದರು ದಾಕ್ಷಾಯಣಮ್ಮ.

ಕಲಾ ದೇವರ ಗೂಡು ತೋರಿಸಿದಳು. ಆಯಮ್ಮ ಎದ್ದು ಹೋಗಿ ಪಟದ ಮುಂದೆ ನಿಂತರು, ಬಗ್ಗಿ ನೋಡಿದರು. ಅವರ ಬೆನ್ನು ಒಮ್ಮೆ ಅಲ್ಲಾಡಿದ ಹಾಗೆ ಕಂಡಿತು.

“ಗೋಪಿ, ಬಾ ಇಲ್ಲಿ. ಇದನ್ನ ಇವರಿಗೆ ಗಟ್ಟಿಯಾಗಿ ಓದಿ ಹೇಳು.”

ಗೋಪಿನಾಥ ಬಂದ. ಕನ್ನಡಕ ಸರಿಮಾಡಿಕೊಂಡ. ಕುತ್ತಿಗೆ ಈ ಕಡೆ ವಾಲಿಸಿದ, ಆ ಕಡೆ ವಾಲಿಸಿದ.

“ಮೊದಲನೇದು ‘ತಿ’ ಇರ್ಬೇಕಮ್ಮ” ಅಂದ.

“ಆಮೇಲೆ?”

“ಆಮೇಲೆ ಕುಂಕುಮ ಇದೆ.”

“ಕುಂಕುಮದ ಪಕ್ಕದಲ್ಲಿ?”

ಗೋಪಿನಾಥ ಕನ್ನಡಕ ತೆಗೆದು ಒರೆಸತೊಡಗಿದ. ತಿರುಪ್ಪೂರಿನ ಸ್ಕೂಲಿನಲ್ಲಿ ತಮಿಳು, ಇಂಗ್ಲಿಷು ಓದಿದ ಹುಡುಗ. ಮನೆಯಲ್ಲಿ ಮಾತು ಬರುತ್ತದಲ್ಲ, ಅಕ್ಷರ ತಾನಾಗಿಯೇ ಬಂದಿರುತ್ತದೆ ಅಂತ ಅವನ ತಾಯಿ ಇಷ್ಟು ವರ್ಷ ನಂಬಿಕೊಂಡಿದ್ದರು. ಸೊಸೆಯ ಮನೆಯ ಕನ್ನಡ ಪರೀಕ್ಷೆ ಮಾಡಲು ಬಂದವರು ಹೆತ್ತ ಮಗನನ್ನು ಒಂದು ಸಲವೂ ಕೇಳಿ ನೋಡಿರಲಿಲ್ಲ. ಆಗ ಆಯಮ್ಮನ ಮುಖ ನೋಡುವ ಹಾಗಿರಲಿಲ್ಲ.

“ಏನು ಬರ್ದದೆ ಅಂತ ನೀವೇ ಹೇಳ್ಬಿಡಿಂಗ. ಏನಿದ್ರೂ ಪರವಾಯಿಲ್ಲ” ಅಂದ ವೆಲ್ಲಿಂಗಿರಿ.

ದಾಕ್ಷಾಯಣಮ್ಮ ಸೆರಗಿನಿಂದ ಕುಂಕುಮ ಒರೆಸಿ, ನಿಧಾನವಾಗಿ ಓದಿದರು. “ತಿಗಣೆ, ಜಿರಳೆ, ಹೇನು, ಮೂರಕ್ಕೂ ಒಂದೇ ಪುಡಿ.” ಆಮೇಲೆ ಎರಡನೆಯ ಸಾಲು. “ಮಕ್ಕಳ ಕೈಗೆ ಸಿಗದಂತೆ ಇಡಿ.”

ತಿಗಣೆ ಅಂದರೆ ಏನು ಅಂತ ಕಲಾ ಕೇಳಿದಳು. ಗೋಪಿನಾಥ ತಮಿಳಿನಲ್ಲಿ ಹೇಳಿದ. ಅಷ್ಟು ಅವನಿಗೆ ಗೊತ್ತಿತ್ತು. ಕಲಾ ಗೋಡೆ ಹಿಡಿದು ಕೂತೇಬಿಟ್ಟಳು. ತಾತ ತಂದದ್ದು ಯಾವುದೋ ಅಂಗಡಿಯವರು ಪುಕ್ಕಟೆ ಹಂಚಿದ ಕ್ಯಾಲೆಂಡರು. ತಾರೀಕಿನ ಹಾಳೆಗಳು ಹರಿದುಹೋಗಿ, ದೇವಿ ಮತ್ತು ತಿಗಣೆ ಪುಡಿ ಎರಡೇ ಉಳಿದಿದ್ದವು. ಮೂರು ತಲೆಮಾರು ಅದಕ್ಕೆ ಕರ್ಪೂರ ಬೆಳಗಿತ್ತು. ಮಕ್ಕಳ ಕೈಗೆ ಸಿಗಬಾರದು ಅಂತ ಬರೆದದ್ದನ್ನು ಮಕ್ಕಳ ಕೈಯಿಂದಲೇ ಮುಟ್ಟಿಸಿ ಪರೀಕ್ಷೆಗೆ ಕಳಿಸಿತ್ತು.

ಧರಣಿ ತಲೆ ಎತ್ತಿದಳು.

“ಪುಡಿ ಒಳ್ಳೆ ಪುಡಿನೇ ಇರ್ಬೇಕು ಅತ್ತೆ” ಅಂದಳು, ಬಲು ವಿನಯದಿಂದ. “ನಾನು ಹುಟ್ಟಿದಾಗಿಂದ ನಮ್ಮನೇಲಿ ಒಂದ್ ತಿಗಣೆ ಕಂಡಿಲ್ಲ. ಬರೀ ಹೆಸ್ರು ಪೂಜೆ ಮಾಡಿದ್ದಕ್ಕೇ ಇಷ್ಟು ಕೆಲ್ಸ ಮಾಡೈತೆ.”

ದಾಕ್ಷಾಯಣಮ್ಮ ತಡೆದುಕೊಳ್ಳಲು ನೋಡಿದರು. ಆಗಲಿಲ್ಲ. ನಕ್ಕರು ನೋಡಿ, ದೇವರ ಗೂಡಿನ ಮುಂದೆಯೇ ಕುಸಿದು ಕೂತು, ಕಣ್ಣಲ್ಲಿ ನೀರು ಬರುವ ಹಾಗೆ, ಹೊಟ್ಟೆ ಹಿಡಿದುಕೊಂಡು ನಕ್ಕರು. ಬಾಗಿಲಲ್ಲಿದ್ದವರಿಗೆ ಏನು ಎತ್ತ ಗೊತ್ತಿಲ್ಲದಿದ್ದರೂ ಅವರೂ ನಕ್ಕರು. ಗೋಡೆಯಾಚೆ ಮುತ್ತುಸಾಮಿ ಏನಾಯಿತೋ ಅಂತ ಮಗ್ಗ ನಿಲ್ಲಿಸಿ ಓಡಿ ಬಂದ.

“ಓದಕ್ಕೆ ಬರದೇ ಇದ್ರೆ ಹೋಗ್ಲಿ” ಅಂದರು ಆಯಮ್ಮ, ಕಣ್ಣೊರೆಸಿಕೊಂಡು. ಧರಣಿಯ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. “ಕನ್ನಡದಲ್ಲಿ ನನ್ನ ಇಷ್ಟು ನಗಿಸಿದವರು ತಿರುಪ್ಪೂರಲ್ಲಿ ಯಾರೂ ಇರಲಿಲ್ಲ ಮಗಳೇ.” ಆಮೇಲೆ ವೆಲ್ಲಿಂಗಿರಿಯ ಕಡೆ ತಿರುಗಿದರು. “ಬೀಗರೇ, ಇನ್ನು ಭಾನುವಾರ ಭಾನುವಾರ ಸ್ಲೇಟು ತಗೊಂಡು ನಮ್ಮನೆಗೆ ಬನ್ನಿ. ನಿಮ್ಮ ಅಳಿಯನ ಪಕ್ಕದಲ್ಲೇ ಕೂರಿಸಿ ತಿದ್ದಿಸ್ತೀನಿ.”

ಬೀಗರೇ ಅಂದರೇ, ಅಥವಾ ತನಗೆ ಹಾಗೆ ಕೇಳಿಸಿತೇ? ವೆಲ್ಲಿಂಗಿರಿ ಮಗಳ ಕಡೆ ನೋಡಿದ. ಧರಣಿ ಕಣ್ಣು ತುಂಬಿಕೊಂಡು, ಹೌದು ಅಂತ ತಲೆ ಆಡಿಸಿದಳು. ಅವನಿಗೆ ಎಲ್ಲ ದೇಶದ ಎಲ್ಲ ರಾಜಧಾನಿಯೂ ಮರೆತುಹೋಯಿತು.

ಶುಭ ಸುದ್ದಿಗೆ ಚೌಡಮ್ಮನಿಗೆ ಕಾಯಿ ಒಡೆಯಬೇಕಲ್ಲ, ಕಲಾ ಒಳಗಿನಿಂದ ಒಂದು ತೆಂಗಿನಕಾಯಿ ತಂದು ಗಂಡನ ಕೈಗೆ ಕೊಟ್ಟಳು. ಪಟಕ್ಕೆ ಹೊಸದಾಗಿ ಕುಂಕುಮವನ್ನೂ ಇಟ್ಟಳು, ಆ ಎರಡು ಸಾಲಿನ ಮೇಲೆಯೇ. ತಿಗಣೆ ಬರದಿದ್ದರೆ ಒಳ್ಳೆಯದೇ ತಾನೆ ಅಂದಳು. ಕಾಯಿ ಹಿಡಿದ ವೆಲ್ಲಿಂಗಿರಿ ಅದನ್ನು ತಿರುಗಿಸಿ, ಜುಟ್ಟಿನ ನಾರನ್ನು ಬೆರಳಿಂದ ಸರಿಸಿ, ಅದರ ಮುಖವನ್ನು ನೋಡುತ್ತಾ ನಿಂತ.

“ಪಾಪ, ಆ ಪೊಳ್ಳಾಚಿಯವನು” ಅಂದ. ಹುಟ್ಟಿದಮೇಲೆ ಮೊದಲ ಸಲ, ಪಕ್ಕದಲ್ಲಿದ್ದವರಿಗೂ ಕೇಳದಷ್ಟು ಮೆಲ್ಲಗೆ. ಆಮೇಲೆ ಕಾಯಿ ಒಡೆದ.