ದೀಪದ ಮೇಲಿನ ಕತ್ತರಿ ಪಟ್ಟಿ

ನಾನು ರೈಲ್ವೆಯ ಸಿಗ್ನಲ್ ವಿಭಾಗದವನು. ಗದಗದಿಂದ ಬಂದು ವಡೋದರಾದಲ್ಲಿ ಹದಿನೆಂಟು ವರ್ಷ ಹಳಿಗುಂಟ ದೀಪ ಕಾದಿದ್ದೇನೆ. ಬಳಕೆಯಲ್ಲಿಲ್ಲದ ಸಿಗ್ನಲ್ ಇದ್ದರೆ ಅದಕ್ಕೆ ಎರಡು ಪಟ್ಟಿಗಳನ್ನು ಕತ್ತರಿಯಂತೆ ಅಡ್ಡಡ್ಡ ಹೊಡೆಯುತ್ತೇವೆ. ಅದನ್ನು ಕಂಡ ರೈಲಿನ ಡ್ರೈವರ್ ಆ ಸಿಗ್ನಲ್ಲನ್ನು ಗಣನೆಗೆ ತೆಗೆದುಕೊಳ್ಳುವುದಿಲ್ಲ.

ನನ್ನ ಕಾರಿಗೆ ಗ್ಯಾಸ್ ಕಿಟ್ ಹಾಕಿಸಿದ ಮೇಲೆ ಮೀಟರಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಹತ್ತಿತು, ಆರಲೇ ಇಲ್ಲ. ಗ್ಯಾಸ್ ಗಾಡಿಯಲ್ಲಿ ಇದು ಇದ್ದದ್ದೇ ಎಂದು ಆಫೀಸಿನವರು ಹೇಳಿದರು. ನನಗೂ ಅಷ್ಟೇ ಬೇಕಾಗಿತ್ತು. ಕರಿ ಇನ್ಸುಲೇಷನ್ ಟೇಪಿನ ಎರಡು ತುಂಡು ಹರಿದು ದೀಪದ ಮೇಲೆ ಅದೇ ಕತ್ತರಿ ಪಟ್ಟಿ ಹಚ್ಚಿಬಿಟ್ಟೆ. ಹೆಂಡತಿ ತುಂಗಾ ನಕ್ಕಳು, ನಾನೂ ನಕ್ಕೆ. ಕೆಲಸದಲ್ಲಿ ಒಂದು ದೀಪ ಮಿಸುಕಿದರೂ ಕೈಕೆಳಗಿನವರನ್ನು ಹರಿದು ತಿನ್ನುವವನು ನಾನು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ಧೂಳೇಟಿ, ಅಂದರೆ ಇಲ್ಲಿನವರ ಹೋಳಿ ಬಣ್ಣದ ಹಬ್ಬದ ದಿನ ಬೆಳಿಗ್ಗೆ ಐದಕ್ಕೆ ಸೂರತ್ತಿನ ಪಾಂಡೇಸರಾದಿಂದ ಫೋನು ಬಂತು. ಅಲ್ಲಿನ ಬಟ್ಟೆ ಗಿರಣಿಯೊಂದರಲ್ಲಿ ಬಣ್ಣದ ಮಾಸ್ತರನಾಗಿರುವ ಹಾಲಪ್ಪ ಮಾವ, ನನ್ನ ಅಕ್ಕ ಗಿರಿಜಾಳ ಗಂಡ.

“ನಿಮ್ಮಕ್ಕ ಹ್ವಾದ್ಳೋ ಹನುಮಂತಾ. ಕಾಮಣಿ ನೆತ್ತಿಗೇರಿತ್ತು. ಅತ್ತಿನ್ನ ಕರ್ಕೊಂಡು ಲಗೂ ಬಾ. ಸೀರಿ ಮರೀಬ್ಯಾಡ.”

ನಮ್ಮಲ್ಲಿ ಮುತ್ತೈದೆ ಸತ್ತರೆ ತವರಿನ ಸೀರೆ ಹೊದಿಸದೆ ಹೆಣ ಎತ್ತುವುದಿಲ್ಲ. ಈ ಸೀಮೆಯಲ್ಲಿ ಅಕ್ಕನಿಗೆ ತವರು ಎಂದರೆ ವಡೋದರಾದ ಮಂಜಲ್‌ಪುರದ ನನ್ನ ಮನೆ, ನನ್ನ ಜೊತೆಗಿರುವ ಅವ್ವ. ರೈಲಿನಲ್ಲಿ ಎರಡು ತಾಸಿನ ದಾರಿ. ಆದರೆ ಅವ್ವನ ಮೊಣಕಾಲು ರೈಲಿನ ಮೆಟ್ಟಿಲು ಹತ್ತುವಂತಿರಲಿಲ್ಲ. ನಮ್ಮ ಮಗಳನ್ನು ನೋಡಿಕೊಳ್ಳಲು ತುಂಗಾ ಮನೆಯಲ್ಲೇ ಉಳಿದು, ತನ್ನ ಉಡದ ಹಸಿರು ಇಳಕಲ್ ಸೀರೆ ತೆಗೆದುಕೊಟ್ಟಳು. ಅವ್ವ ಅದನ್ನು ತೊಡೆಯ ಮೇಲಿಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕೂತಳು.

“ಮಾರಿ ಒಂದು ನೋಡಿದ್ರ ಸಾಕಪಾ” ಎಂದಳು. ಅಳಲಿಲ್ಲ.

ಕರ್ಜನ್ ದಾಟಿದ ಮೇಲೆ ಗಾಡಿ ಸಣ್ಣಗೆ ಜಗ್ಗತೊಡಗಿತು. ಗ್ಯಾಸಿನಿಂದ ಪೆಟ್ರೋಲಿಗೆ ಬದಲಿಸಿದೆ, ಜಗ್ಗುವುದು ನಿಲ್ಲಲಿಲ್ಲ. ಸಿಟ್ಟಿನಿಂದ ಆಕ್ಸಿಲರೇಟರ್ ಇನ್ನಷ್ಟು ತುಳಿದೆ. ನರ್ಮದೆಯ ಸೇತುವೆಯ ಮೇಲೆ ಗಾಡಿ ಗಡಗಡ ನಡುಗಿತು. ಅಂಕಲೇಶ್ವರದ ಹತ್ತಿರ ಕೆಳಗಿನಿಂದ ಸುಟ್ಟ ವಾಸನೆ ಬಂದಾಗ ರಸ್ತೆ ಬದಿಯ ಗ್ಯಾರೇಜಿನ ಮುಂದೆ ನಿಲ್ಲಿಸಿದೆ. ಬಾಗಿಲು ಹಾಕಿತ್ತು. ಕೂಗಿದಾಗ ಹಿಂದಿನ ಮನೆಯಿಂದ ಮೆಕ್ಯಾನಿಕ್ ರಾಕೇಶ್ ಬಂದ, ಮುಖದ ತುಂಬ ಗುಲಾಲು.

ಅವನು ಮೊದಲು ಮಾಡಿದ ಕೆಲಸ ಉಗುರಿನಿಂದ ಟೇಪು ಕಿತ್ತದ್ದು. ಅದರಡಿಯಲ್ಲಿ ದೀಪ ಮಿಣಕ್ ಮಿಣಕ್ ಎನ್ನುತ್ತಿತ್ತು.

“ಇದು ಸುಮ್ಮನೆ ಉರಿಯುತ್ತಿದ್ದರೆ ಬಂದು ತೋರಿಸು ಅಂತ ಅರ್ಥ. ಹೀಗೆ ಮಿಣುಕಿದರೆ ನಿಂತಲ್ಲೇ ನಿಲ್ಲಿಸು ಅಂತ” ಎಂದು ಹಿಂದಿಯಲ್ಲಿ ರೇಗಿದ. “ಮುಚ್ಚಿದ ಮಹಾತ್ಮ ಯಾರು?”

ನಾನು ಬಾನೆಟ್ಟಿನ ಲಿವರ್ ಎಳೆದೆ.

ಅವನು ಸ್ಕ್ಯಾನರ್ ಚುಚ್ಚಿ ನೋಡಿದ. ಮೂರನೇ ಸಿಲಿಂಡರಿನಲ್ಲಿ ಇಂಧನ ಉರಿಯದೆ ಹಾಗೇ ಹೊರಗೆ ಹೋಗುತ್ತಿದೆ, ಸೈಲೆನ್ಸರ್ ಕೊಳವೆ ಅದಕ್ಕೇ ಕೆಂಡವಾಗಿದೆ ಎಂದ. ಅದು ಆರುವವರೆಗೆ ಕಾದು, ಮೂರನೆಯದರ ಕಾಯಿಲ್ ಒಂದಕ್ಕೆ, ಒಂದರದ್ದು ಮೂರಕ್ಕೆ ಹಾಕಿ ಮತ್ತೆ ಚಾಲೂ ಮಾಡಿದ. ಈಗ ದೋಷ ಒಂದನೇ ಸಿಲಿಂಡರಿಗೆ ಬಂದಿತ್ತು. ಅಂದರೆ ಕಿಡಿ ಹಾರಿಸುವ ಆ ಕಾಯಿಲೇ ಸತ್ತಿತ್ತು. ದೀಪ ಹತ್ತಿದ ದಿನವೇ ತೋರಿಸಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು ಎಂದ. ಉಗುರಿನಲ್ಲಿ ಹೋಗುವುದಕ್ಕೆ ನಾನು ಕೊಡಲಿ ಬೇಕಾಗುವಂತೆ ಮಾಡಿದ್ದೆ.

ಹಬ್ಬದ ದಿನ, ಬಿಡಿಭಾಗದ ಅಂಗಡಿಗಳೆಲ್ಲ ಬಂದ್. ರಾಕೇಶ್ ಅಂಗಡಿಯವನ ಮನೆ ಹುಡುಕಿಕೊಂಡು ಬೈಕಿನಲ್ಲಿ ಹೋದ. ನಾನು ಟ್ಯಾಕ್ಸಿಗಾಗಿ ಏಳು ಕಡೆ ಫೋನು ಮಾಡಿದೆ. ಬಣ್ಣದ ದಿನ ಯಾರೂ ಗಾಡಿ ತೆಗೆಯಲಿಲ್ಲ. ಅವ್ವ ಬೇವಿನ ಮರದಡಿಯ ಬೆಂಚಿನ ಮೇಲೆ ಸೀರೆ ಹಿಡಿದು ಕೂತೇ ಇದ್ದಳು. ಅವಳ ಕಡೆ ನೋಡಲು ನನಗೆ ಮುಖವಿರಲಿಲ್ಲ.

ಹತ್ತಕ್ಕೆ ಮಾವ ಫೋನು ಮಾಡಿದ. ಹನ್ನೊಂದಕ್ಕೆ ಮತ್ತೆ ಮಾಡಿದ. ಹನ್ನೆರಡಕ್ಕೆ ಅವನ ದನಿ ಒಡೆದಿತ್ತು.

“ಮೈ ಬಾವಾಕತ್ತೇತಿ ಹನುಮಂತಾ. ಬಿಸಲ ನೋಡಿದ್ರ ಹಿಂಗೈತಿ. ಮಂದಿ ಎತ್ತೂಣು ಅನ್ನಾಕತ್ತಾರ. ತವರಮನಿಯವ್ರು ಹೂಂ ಅನ್ನದ ನಾ ಹೆಂಗ ಎತ್ಲಿ?”

ಫೋನಿಗೆ ಕೈ ಅಡ್ಡ ಹಿಡಿದು ಮಾವನ ಮಾತನ್ನು ಅವ್ವನಿಗೆ ಹೇಳಿದೆ. ಅವ್ವ ಕೈಚಾಚಿ ಫೋನು ಇಸಿದುಕೊಂಡಳು.

“ಎತ್ತಪಾ ಹಾಲಪ್ಪಾ. ಬಿಸಲಾಗ ನನ್ನ ಕೂಸಿನ್ನ ಇಡಬ್ಯಾಡ. ಓಣ್ಯಾಗ ಯಾರರ ಹೆಣ್ಮಗಳ ಕಡಿಂದ ಒಂದು ಸೀರಿ ಹೊದಸು. ನಾ ಹೊದಿಸಿದಂಗ ಆತು.”

ಫೋನು ನನ್ನ ಕೈಗಿಟ್ಟು, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಗ ಅತ್ತಳು.

ರಾಕೇಶ್ ಬಂದದ್ದು ಒಂದು ಗಂಟೆಗೆ. ಹೊಸ ಕಾಯಿಲ್, ಹೊಸ ಪ್ಲಗ್ಗು, ಒಂದು ಬೋಲ್ಟು. ಹದಿನೈದೇ ನಿಮಿಷ. ಎಂಜಿನ್ ಹೊಸದರಂತೆ ನಯವಾಗಿ ಓಡಿತು, ದೀಪ ಆರಿತ್ತು. ಅವನ ಮೇಲೆ ನನಗೆ ಸಿಟ್ಟು ಬಂತು, ಇಷ್ಟು ಸುಲಭವಾಗಿ ಮಾಡಿಬಿಟ್ಟನಲ್ಲ ಎಂದು. ಸಿಟ್ಟು ಬರಬೇಕಾದದ್ದು ಯಾರ ಮೇಲೆ ಎಂಬುದು ನನಗೆ ಚೆನ್ನಾಗಿಯೇ ಗೊತ್ತಿತ್ತು. ಮಗಳ ಮುಖದ ಕಡೆಯ ನೋಟವನ್ನು ಅವ್ವನಿಂದ ನಾನೇ ಕಿತ್ತುಕೊಂಡಿದ್ದೆ.

ಹೆದ್ದಾರಿ ಖಾಲಿ ಇತ್ತು. ಹಲ್ಲು ಕಚ್ಚಿಕೊಂಡು ನೂರಿಪ್ಪತ್ತರಲ್ಲಿ ಬಿಟ್ಟೆ. ಗಾಡಿ ಒಮ್ಮೆಯೂ ಜಗ್ಗಲಿಲ್ಲ. ಸ್ವಲ್ಪ ಹೊತ್ತಿಗೆ ಅವ್ವ ಹಿಂದಿನಿಂದ ನನ್ನ ಭುಜ ಮುಟ್ಟಿದಳು.

“ಸಾವಕಾಶ ಹೊಡಿಯೋ ತಮ್ಮಾ. ಈಗ ಅಲ್ಲಿ ನಮ್ಮನ್ನ ಯಾರೂ ಕಾಯಾಕತ್ತಿಲ್ಲ.”